ಮುಟ್ಟಿಗೆ ಮುಂಚಿನ ಗಾಬರಿ: ಎರಡು ತಿಂಗಳು ಬರೆದಿಡಿ

ರಾಯಚೂರು ಗುಂಪಿನ ಅಕ್ಕ-ತಂಗಿಯರೇ,

ಮುಟ್ಟಿಗೆ ವಾರ ಮುಂಚೆ ಎದೆ ಡವಡವ, ಸಿಟ್ಟು, ಅಳು ಬರುತ್ತೆ ಎಂದು ಸುಮಾರು ಜನ ಬರೆದಿದ್ದೀರಿ. ಇದು ಎರಡು ಥರ ಇರಬಹುದು. ಮುಟ್ಟು ಶುರುವಾಗಿ ಕೆಲವೇ ದಿನಕ್ಕೆ ಪೂರ್ತಿ ಇಳಿದರೆ ಪಿಎಂಡಿಡಿ, ಅಂದರೆ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮಾತ್ರ ಮನಸ್ಸು ತೀವ್ರವಾಗಿ ಕೆಡುವ ಕಾಯಿಲೆ ಇರಬಹುದು. ತಿಂಗಳಿಡೀ ಇದ್ದು ಆಗ ಮಾತ್ರ ಹೆಚ್ಚಾದರೆ, ಮೊದಲಿನಿಂದ ಇರುವ ಆತಂಕದ ಕಾಯಿಲೆಯೇ ಕೆರಳುತ್ತಿರಬಹುದು. ಇವೆರಡರ ಚಿಕಿತ್ಸೆ ಬೇರೆಯಾಗಬಹುದು, ಅದಕ್ಕೇ ಗುರುತಿಸುವುದು ಮುಖ್ಯ.

ಗೋಡೆಯ ಕ್ಯಾಲೆಂಡರೇ ಸಾಕು. ರಾತ್ರಿ ಮಲಗುವ ಮುಂಚೆ ಗಾಬರಿ, ಸಿಟ್ಟು, ಅಳು, ನಿದ್ದೆಗೇಡು ಒಂದೊಂದಕ್ಕೂ 0ಯಿಂದ (ಇಲ್ಲವೇ ಇಲ್ಲ) 3ರ ತನಕ (ತುಂಬಾ ಜೋರು) ಅಂಕ ಹಾಕಿ. ಮುಟ್ಟಿನ ದಿನಗಳಿಗೆ ಸುತ್ತು ಹಾಕಿ. ಹೀಗೆ ಎರಡು ಪೂರ್ತಿ ಮುಟ್ಟಿನ ಚಕ್ರ ಬರೆಯಬೇಕು. ವಾರದ್ದೆಲ್ಲ ಭಾನುವಾರ ಕೂತು ತುಂಬಬೇಡಿ; ನೆನಪಿನಿಂದ ಬರೆದರೆ ಕೆಟ್ಟ ದಿನಗಳೇ ಎದ್ದು ಕಾಣುತ್ತವೆ, ಲೆಕ್ಕ ತಪ್ಪುತ್ತೆ.

ಹಾರ್ಮೋನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಪಿಎಂಡಿಡಿಯಲ್ಲಿ ಹಾರ್ಮೋನ್ ಮಟ್ಟ ಸಾಮಾನ್ಯವಾಗಿ ಸರಿಯೇ ಇರುತ್ತೆ, ಅದರ ಏರಿಳಿತಕ್ಕೆ ಮೆದುಳು ಸ್ಪಂದಿಸುವ ರೀತಿ ಬೇರೆ. ಥೈರಾಯ್ಡ್, ರಕ್ತಹೀನತೆ ಮಾತ್ರ ನೋಡಿಸಿ. ಅವೂ ಎದೆಬಡಿತ, ಸುಸ್ತು ತರುತ್ತವೆ.

ಆ ಹಾಳೆ ಹಿಡಿದು ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಮನೋರೋಗ ವಿಭಾಗಕ್ಕೋ ಸ್ತ್ರೀರೋಗ ವೈದ್ಯರ ಹತ್ತಿರವೋ ಹೋಗಿ. ಎಸ್‌ಎಸ್‌ಆರ್‌ಐ ಎಂಬ, ಖಿನ್ನತೆ-ಆತಂಕಕ್ಕೂ ಕೊಡುವ ಗುಳಿಗೆಗಳು ಪಿಎಂಡಿಡಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಕೆಲವರಿಗೆ ಮುಟ್ಟಿನ ಮುಂಚಿನ ಎರಡು ವಾರ ಮಾತ್ರ ಕೊಡುತ್ತಾರೆ. ಆತಂಕದ ಕಾಯಿಲೆಯೂ ಇದ್ದರೆ ಸಾಮಾನ್ಯವಾಗಿ ದಿನಾ ಬೇಕು. ಪಕ್ಕದ ಮನೆಯವರ ಚೀಟಿ ನೋಡಿ ನುಂಗಬೇಡಿ, ನಡುವೆ ತಟ್ಟನೆ ಬಿಡಲೂಬೇಡಿ.

ಸಾಯುವ ಯೋಚನೆ ಬಂದರೆ ಹಾಳೆ ತುಂಬುವ ತನಕ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.