ಕೊಲಂಬಸ್ಸಿನಲ್ಲಿರುವ ಮಗಳಿಗೆ, ಮಿಷಿಗನ್‌ನಿಂದ ಅಮ್ಮ

ಪ್ರೀತಿಯ ಪುಟ್ಟಿ,

ಶನಿವಾರ ನಮ್ಮ ಮಿಷಿಗನ್ ಕಾಲೇಜಿಗೂ ನಿಮ್ಮ ಒಹಾಯೊ ಸ್ಟೇಟ್ ಕಾಲೇಜಿಗೂ ನಡೆದ ಅಮೆರಿಕನ್ ಫುಟ್‌ಬಾಲ್ ಆಟ ಮುಗಿದು ಐದು ನಿಮಿಷ ಆಗಿರಲಿಲ್ಲ, ನಿನ್ನ ಮೆಸೇಜ್ ಬಂತು. "ಅಷ್ಟು ದುಡ್ಡು ಸುರಿದು ಹುಡುಗನ್ನ ಕೊಂಡ್ಕೊಂಡ್ರಿ, ಆದ್ರೂ 27-9 ಅಲ್ವಾ ಅಮ್ಮಾ?" ಸತತ ನಾಲ್ಕು ಸಲ ನಮ್ಮ ಕೈಲಿ ಸೋತವರಿಗೆ ಒಂದು ಗೆಲುವು ಸಿಕ್ಕರೆ ಮಾತು ಜಾಸ್ತಿ ಆಗುವುದು ಸಹಜ. ಅದೂ ನಮ್ಮ ತಂಡದ ಊರು ಆನ್ ಆರ್ಬರ್‌ಗೇ ಬಂದು ಗೆದ್ದಿದ್ದೀರಿ. ಸೋಲಿನ ಬಗ್ಗೆ ನನ್ನದು ತಕರಾರಿಲ್ಲ, ನಮ್ಮವರು ಆಡಲೇ ಇಲ್ಲ. ಆದರೆ ದುಡ್ಡಿನ ಮಾತು ಎತ್ತಿದೆಯಲ್ಲ, ಅದಕ್ಕೆ ಉತ್ತರ ಕೊಡದೆ ಬಿಡುವುದಿಲ್ಲ. ಮೆಸೇಜಿನಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಈ ಕಾಗದ.

ಬ್ರೈಸ್ ಅಂಡರ್‌ವುಡ್ ಬೆಲ್‌ವಿಲ್‌ನ ಹುಡುಗ. ನಮ್ಮ ಮನೆಯಿಂದ ಎಷ್ಟು ದೂರ ಅಂತ ನಿನಗೇ ಗೊತ್ತು. 2025ರ ಬ್ಯಾಚಿನ ಹೈಸ್ಕೂಲ್ ಹುಡುಗರಲ್ಲಿ ಇಡೀ ದೇಶಕ್ಕೇ ನಂಬರ್ ಒನ್ ಎನಿಸಿಕೊಂಡ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನು. 2024ರ ಜನವರಿಯಲ್ಲಿ ಲೂಯಿಸಿಯಾನದ ಎಲ್‌ಎಸ್‌ಯು ಕಾಲೇಜಿಗೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದ. ಅದೇ ವರ್ಷ ನವೆಂಬರ್ 21ಕ್ಕೆ ಮನಸ್ಸು ಬದಲಾಯಿಸಿ ಮಿಷಿಗನ್ ಎಂದ. ಕೋಟಿ ಡಾಲರಿಗೂ ಮೇಲಿನ ವ್ಯವಹಾರ, ಒರಾಕಲ್ ಕಂಪನಿಯ ಲ್ಯಾರಿ ಎಲಿಸನ್ ಬೆಂಬಲ ಇದೆ ಎಂದೆಲ್ಲ ಪತ್ರಿಕೆಗಳು ಬರೆದವು.

ಆಗ ಫೋನಿನಲ್ಲಿ ನಿನ್ನ ಅಜ್ಜಿ ಕೇಳಿದ್ದರು, ಕೊಟ್ಟ ಮಾತು ಮುರಿಯುವುದು ತಪ್ಪಲ್ಲವಾ ಅಂತ. ಹುಡುಗ ಬಾಯಲ್ಲಿ ಕಮಿಟ್ ಎಂದರೆ ಹೆಣ್ಣು ಒಪ್ಪಿಗೆ ಎಂದು ಹೇಳಿಕಳಿಸಿದ ಹಾಗೆ ಅತ್ತೆ, ತಾಂಬೂಲ ಬದಲಾಯಿಸುವವರೆಗೂ ಯಾವುದೂ ಗಟ್ಟಿಯಲ್ಲ ಎಂದೆ. ಈ ತಾಂಬೂಲದ ದಿನ, ಅಂದರೆ ಹುಡುಗರು ಕಾಲೇಜಿಗೆ ಸಹಿ ಹಾಕುವ ದಿನ, ಮೊದಲು ಫೆಬ್ರವರಿಯಲ್ಲಿ ಇತ್ತು. ಈಗ ಹೆಚ್ಚಿನವರು ಡಿಸೆಂಬರಿನಲ್ಲೇ ಸಹಿ ಹಾಕಿಬಿಡುತ್ತಾರೆ. ಅಜ್ಜಿಗೆ ತಕ್ಷಣ ಅರ್ಥವಾಯಿತು. ನಿಮ್ಮಪ್ಪನಿಗೆ ಮಾತ್ರ ಇದು ಇನ್ನೂ ಐಪಿಎಲ್ ಹರಾಜು. ಹರಾಜಿನಲ್ಲಿ ಆಟಗಾರ ಸುಮ್ಮನೆ ಟಿವಿ ಮುಂದೆ ಕೂತು ತಾನು ಯಾರ ಪಾಲಾದೆ ಎಂದು ನೋಡಬೇಕು, ಇಲ್ಲಿ ಆರಿಸುವವನು ಹುಡುಗನೇ ಎಂದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ನೀನೂ ಅಪ್ಪನ ಮಗಳೇ, ಬಿಡು.

ಈಗ ನಿಮ್ಮ ಕಾಲೇಜಿನದೇ ಕತೆ ಹೇಳುತ್ತೇನೆ. 2008ರ ನಂಬರ್ ಒನ್ ಹುಡುಗ ಟೆರೆಲ್ ಪ್ರಯರ್, ಪೆನ್ಸಿಲ್ವೇನಿಯಾದವನು. ಫೆಬ್ರವರಿಯ ಸಹಿ ದಿನ ಬಂದು ಹೋದರೂ ಬಾಯಿ ಬಿಡಲಿಲ್ಲ. ಮಿಷಿಗನ್ನಾ, ಒಹಾಯೊ ಸ್ಟೇಟಾ ಎಂದು ಎರಡೂ ಕಡೆಯವರು ಉಸಿರು ಬಿಗಿಹಿಡಿದು ಕಾದರು. ಮಾರ್ಚಿನಲ್ಲಿ ನಿಮ್ಮ ಕಡೆ ಹೋದ. ಮಿಷಿಗನ್ ಮೇಲೆ ಗೆದ್ದಾಗಲೆಲ್ಲ ನಿಮ್ಮಲ್ಲಿ ಆಟಗಾರರಿಗೆ ಚಿನ್ನದ ಬಣ್ಣದ ಪುಟಾಣಿ ಪ್ಯಾಂಟಿನ ಪದಕ ಕೊಡುತ್ತಾರಲ್ಲ, ಅವನಿಗೂ ಸಿಕ್ಕಿತು. ಅದನ್ನೂ ತನ್ನ ಚಾಂಪಿಯನ್‌ಷಿಪ್ ಉಂಗುರವನ್ನೂ ಇನ್ನೊಂದು ಪ್ರಶಸ್ತಿಯನ್ನೂ ಮಾರಿದ. 2,500 ಡಾಲರ್ ವಾಪಸ್ ಕಟ್ಟು, ಐದು ಪಂದ್ಯ ಹೊರಗಿರು ಎಂದಿತು ಕಾಲೇಜು ಆಟಗಳನ್ನು ನಿಯಂತ್ರಿಸುವ ಎನ್‌ಸಿಎಎ. ಆ ಗಲಾಟೆಯಲ್ಲಿ 2011ರ ಮೇ ತಿಂಗಳಲ್ಲಿ ಕೋಚ್ ಜಿಮ್ ಟ್ರೆಸೆಲ್ ರಾಜೀನಾಮೆ ಕೊಟ್ಟರು, ಪ್ರಯರ್ ಕಾಲೇಜೇ ಬಿಟ್ಟ. ಲಕ್ಷ ಜನ ಟಿಕೆಟ್ ಕೊಂಡು ನೋಡುವ ಆಟ, ಕೋಚಿಗೆ ಮಿಲಿಯನ್‌ಗಟ್ಟಲೆ ಸಂಬಳ. ಹುಡುಗ ತನಗೇ ಸಿಕ್ಕ ಪದಕ ಮಾರಿದರೆ ಅಪರಾಧ! ಎದುರಾಳಿ ತಂಡ ಸಿಕ್ಕಿಬಿತ್ತು ಎಂದು ಇಲ್ಲಿ ನಮ್ಮವರೆಲ್ಲ ಕುಣಿದಾಡಿದರು. ನನಗೆ ಅದು ಆಗಲೂ ಅಸಹ್ಯ ಅನಿಸಿತ್ತು.

ಮೈಕ್ ವೆಬರ್ ನಿನಗೆ ನೆನಪಿರಲಿಕ್ಕಿಲ್ಲ. ಡೆಟ್ರಾಯಿಟ್‌ನ ಕ್ಯಾಸ್ ಟೆಕ್ ಶಾಲೆಯ ರನ್ನಿಂಗ್ ಬ್ಯಾಕ್, ಚೆಂಡು ಹಿಡಿದು ಓಡುವವನು. ಮೊದಲು ನಮಗೆ ಕಮಿಟ್ ಆಗಿದ್ದ, ಆಮೇಲೆ ಬಿಟ್ಟ. 2015ರ ಫೆಬ್ರವರಿಯಲ್ಲಿ ಕೊನೇ ಗಳಿಗೆವರೆಗೂ ಎರಡೂ ಕಡೆಯವರು ಎಳೆದಾಡಿದರು. ಕಡೆಗೆ ಒಹಾಯೊ ಸ್ಟೇಟ್‌ಗೆ ಸಹಿ ಹಾಕಿದ. ಮಾರನೇ ದಿನವೇ ಅವನಿಗೆ ಕಲಿಸಬೇಕಿದ್ದ ರನ್ನಿಂಗ್ ಬ್ಯಾಕ್ ಕೋಚ್ ಷಿಕಾಗೋ ಬೇರ್ಸ್ ಎಂಬ ವೃತ್ತಿಪರ ತಂಡಕ್ಕೆ ಹೊರಟುಹೋದರು. ಹುಡುಗನ ಸಹಿ ಹುಡುಗನನ್ನು ಕಟ್ಟಿಹಾಕುತ್ತಿತ್ತು, ಕೋಚನ್ನು ಅಲ್ಲ. ಆ ಕಾಲದಲ್ಲಿ ಬೇರೆ ಕಾಲೇಜಿಗೆ ಹೋಗಬೇಕೆಂದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ವೆಬರ್ ಅಲ್ಲೇ ಉಳಿದು ಚೆನ್ನಾಗಿಯೇ ಆಡಿದ. ಆದರೆ ಅದು ಅವನ ದೊಡ್ಡತನ, ವ್ಯವಸ್ಥೆಯದ್ದಲ್ಲ.

ಹಾಗಾಗಿ 2018ರಲ್ಲಿ, ಕಾಲೇಜು ಬದಲಾಯಿಸಬೇಕೆಂದವರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬಂದಾಗ, 2021ರಲ್ಲಿ ಆ ಒಂದು ವರ್ಷದ ಶಿಕ್ಷೆ ಹೋದಾಗ, ಅದೇ ಜುಲೈನಲ್ಲಿ ಹುಡುಗರು ತಮ್ಮ ಹೆಸರು, ಮುಖ ತೋರಿಸಿ ದುಡಿಯಬಹುದು ಎಂದಾಗ ನನಗೆ ಖುಷಿಯೇ ಆಯಿತು. ಈ ವರ್ಷ, 2025ರ ಜುಲೈ 1ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಎಲ್ಲ ಆಟಗಳೂ ಸೇರಿ ಒಂದು ಕಾಲೇಜಿಗೆ ಮೊದಲ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್ ಮಿತಿ. ನಿಮ್ಮ ಕಾಲೇಜೂ ಕೊಡುತ್ತಿದೆ ಪುಟ್ಟಿ, ಅದನ್ನು ಮರೆಯಬೇಡ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಮೊಮ್ಮಕ್ಕಳಿರುವ ಗಂಡಸರು ಹದಿನೇಳರ ಹುಡುಗನ ಟ್ವಿಟರ್ ಕಾಯುತ್ತಾ ಕೂರುತ್ತಾರೆ. ಅವನು ಯಾವ ಫೋಟೋಗೆ ಲೈಕ್ ಒತ್ತಿದ ಎಂದು ಲೆಕ್ಕ ಹಾಕುತ್ತಾರೆ. ಬೇರೆ ಕಾಲೇಜು ಆರಿಸಿದರೆ ದ್ರೋಹಿ ಎನ್ನುತ್ತಾರೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಹೋಟೆಲಿಗೆ ಕೊಟ್ಟ ಹಾಗೆ ಸ್ಟಾರ್ ಕೊಡುತ್ತಾರೆ. ಇದಕ್ಕೆ ದುಡ್ಡು ಕಾರಣ ಅಲ್ಲ, ದುಡ್ಡು ಬರುವ ಮುಂಚೆಯೂ ಹೀಗೇ ಇತ್ತು.

ಆ ದ್ರೋಹಿ ಮಾತು ಎಷ್ಟು ಪೊಳ್ಳು ನೋಡು. ಮಿಷಿಗನ್‌ಗೆ ಈವರೆಗೆ ಬಂದಿರುವುದು 3 ಹೈಸ್‌ಮನ್ ಟ್ರೋಫಿ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವುದು. ಅದರಲ್ಲಿ ಎರಡನ್ನು ಗೆದ್ದವರು ಒಹಾಯೊ ಹುಡುಗರು. 1991ರಲ್ಲಿ ಡೆಸ್ಮಂಡ್ ಹವರ್ಡ್, ಕ್ಲೀವ್‌ಲ್ಯಾಂಡ್‌ನವನು. ನಿಮ್ಮ ವಿರುದ್ಧವೇ 93 ಯಾರ್ಡ್ ಓಡಿ, ಆ ಟ್ರೋಫಿಯ ಭಂಗಿಯಲ್ಲೇ ನಿಂತುಬಿಟ್ಟ. 1997ರಲ್ಲಿ ಚಾರ್ಲ್ಸ್ ವುಡ್ಸನ್, ಫ್ರೀಮಾಂಟ್‌ನವನು. ನಾವು ದೇವರ ಹಾಗೆ ನೋಡುವ ಕೋಚ್ ಬೋ ಷೆಂಬೆಕ್ಲರ್ ಹುಟ್ಟಿದ್ದು ಒಹಾಯೊದ ಬಾರ್ಬರ್ಟನ್‌ನಲ್ಲಿ. ನಿಮ್ಮ ಕೋಚ್ ವುಡಿ ಹೇಯ್ಸ್ ಕೈಕೆಳಗೆ ಕೆಲಸ ಕಲಿತು, 1969ರಲ್ಲಿ ಇಲ್ಲಿಗೆ ಬಂದ ವರ್ಷವೇ ಗುರುವನ್ನು 24-12ಕ್ಕೆ ಸೋಲಿಸಿದರು. ಜೆ.ಜೆ. ಮೆಕಾರ್ಥಿ ಇಲಿನಾಯ್ ಹುಡುಗ, ಚಿಕ್ಕಂದಿನಲ್ಲಿ ಒಹಾಯೊ ಸ್ಟೇಟ್ ಅಭಿಮಾನಿ. ನಿಮ್ಮವರು ಬೇರೆ ಕ್ವಾರ್ಟರ್‌ಬ್ಯಾಕ್ ಆರಿಸಿಕೊಂಡರು. ಅವನು ಇಲ್ಲಿ ಬಂದು 2022ರಲ್ಲಿ ನಿಮ್ಮೂರಿನಲ್ಲೇ 45-23ಕ್ಕೆ ಗೆಲ್ಲಿಸಿದ, ಮುಂದಿನ ಸೀಸನ್ನಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನೂ ತಂದುಕೊಟ್ಟ. ಈ ಎರಡು ಊರುಗಳ ಜಗಳಕ್ಕೆ ರುಚಿ ಬಂದಿರುವುದೇ ಗಡಿ ದಾಟಿದವರಿಂದ.

ನೀನು ಕೊಲಂಬಸ್ ಎಂದಾಗ ಇಲ್ಲಿನ ಕನ್ನಡದ ಗೆಳತಿಯರು ನನ್ನನ್ನು ಬೇಕಾದಷ್ಟು ರೇಗಿಸಿದರು. ಬೋ ಅತ್ತಲಿಂದ ಬಂದರು, ನನ್ನ ಮಗಳು ಇತ್ತಲಿಂದ ಹೋಗಿದ್ದಾಳೆ, ಲೆಕ್ಕ ಸಮ ಎಂದೆ. ನಿನಗೆ ಯಾರೂ ಮಿಲಿಯನ್ ಕೊಡಲಿಲ್ಲ, ಬದಲಿಗೆ ನಾವೇ ಬೇರೆ ರಾಜ್ಯದವರ ಫೀಸು ಕಟ್ಟುತ್ತಿದ್ದೇವೆ, ಅದು ಬೇರೆ ಮಾತು. ಪಂದ್ಯದ ವಾರ ಕ್ಯಾಂಪಸ್ ಬೋರ್ಡುಗಳ ಎಂ ಅಕ್ಷರಕ್ಕೆಲ್ಲ ಕೆಂಪು ಟೇಪು ಹಚ್ಚುವವರ ಜೊತೆ ನೀನೂ ಹೋಗಿದ್ದೆಯಂತೆ. ಹಚ್ಚು, ಪರವಾಗಿಲ್ಲ.

ಅಂಡರ್‌ವುಡ್‌ಗೆ ಇದು ಮೊದಲ ವರ್ಷ, ವಯಸ್ಸಲ್ಲಿ ನಿನಗಿಂತ ಚಿಕ್ಕವನು. ಮುಂದಿನ ನವೆಂಬರಿನ ಆಟ ನಿಮ್ಮೂರಿನಲ್ಲಿ. ಈಗಲೇ ಯಾರನ್ನಾದರೂ ಹಿಡಿದು ನನಗೊಂದು ಟಿಕೆಟ್ ನೋಡಿಡು. ನೀಲಿ ಜಾಕೆಟ್ ಹಾಕಿಕೊಂಡೇ ಬರುತ್ತೇನೆ, ನಿನ್ನ ಗೆಳತಿಯರಿಗೆ ಮೊದಲೇ ಹೇಳಿರು. ಅಪ್ಪ ಬರುವುದಿಲ್ಲ, ಅವರಿಗೆ ಅವತ್ತು ಎಲ್ಲೋ ಒಂದು ಟೆಸ್ಟ್ ಮ್ಯಾಚ್ ಇದ್ದೇ ಇರುತ್ತದೆ.

ನಿನ್ನ
ಅಮ್ಮ