ಸಣ್ಣ ಚಕ್ರಕ್ಕೂ ದಾರಿ ಇರಲಿ

ಮಾನ್ಯ ಸಂಪಾದಕರೇ,

ಮಧೂರಿನಿಂದ ಕಾಸರಗೋಡು ಪೇಟೆಗೆ ನಾನು ದಿನವೂ ಓಡಿಸುವ ಹಳೆಯ ಸ್ಕೂಟಿ ಪೆಪ್ ಪ್ಲಸ್‌ನ ಎಂಜಿನ್ ಬರೇ 87.8 ಸಿಸಿಯದಾದರೂ, ಬ್ಯಾಂಕ್ ರಸ್ತೆಯ ಇಕ್ಕಟ್ಟಿನಲ್ಲಿ ನುಸುಳುವುದಕ್ಕೂ, ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಮರಳುವುದಕ್ಕೂ ಅದಕ್ಕಿಂತ ಅನುಕೂಲದ ವಾಹನ ನನಗೆ ಸಿಕ್ಕಿಲ್ಲ. ಅರುವತ್ತು ದಾಟಿದ ನಾನು ಅದನ್ನು ಒಬ್ಬಳೇ ಸ್ಟ್ಯಾಂಡಿಗೆ ಹಾಕಬಲ್ಲೆ. ಆದರೆ ದೊಡ್ಡ ಬೈಕುಗಳು ಲೆಕ್ಕಿಸದೆ ದಾಟುವ ಹೊಂಡದಲ್ಲಿ ಇದರ 10 ಇಂಚಿನ ಚಕ್ರ ಪೂರ್ತಿ ಇಳಿದುಬಿಡುತ್ತದೆ. ಕಳೆದ ಮಳೆಗಾಲದಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಯ ಅಂಚಿನಲ್ಲಿ, ಚರಂಡಿಯ ಎರಡು ಕಾಂಕ್ರೀಟ್ ಹಲಗೆಗಳ ನಡುವಿನ ಸಂದಿಗೆ ಮುಂದಿನ ಚಕ್ರ ಸಿಕ್ಕಿ ಬಿದ್ದೆ; ಮೊಣಕಾಲಿನ ಗಾಯ ಮಾಸಿತು, ಸಂದು ಹಾಗೆಯೇ ಇದೆ. ಮತ್ತೆ ಮಳೆ ಹಿಡಿಯುವ ಮುನ್ನ ಸಂಬಂಧಪಟ್ಟವರು ಅದನ್ನು ಮುಚ್ಚಿಸಬೇಕೆಂದೂ, ಅಲ್ಲಿಯವರೆಗೆ ಎಚ್ಚರಿಕೆಯ ಫಲಕವನ್ನು (ಮಲಯಾಳದ ಜೊತೆಗೆ ಕನ್ನಡದಲ್ಲೂ) ಹಾಕಿಸಬೇಕೆಂದೂ ಕೋರುತ್ತೇನೆ.

– ನಿವೃತ್ತ ಅಧ್ಯಾಪಿಕೆ, ಮಧೂರು