ದಾಸ್ತಾನು ಖಾಲಿ ಇದ್ದ ತಿಂಗಳನ್ನೂ ಲೆಕ್ಕಕ್ಕೆ ಹಿಡಿದು ಗರ್ಭನಿರೋಧಕ ಚುಚ್ಚುಮದ್ದು ಕಡಿತಗೊಳಿಸಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಪೂರೈಕೆ ವಿಭಾಗ

ಮಾನ್ಯರೇ,

ನಮ್ಮ ಚಿಕಿತ್ಸಾಲಯಕ್ಕೆ ಡಿಎಂಪಿಎ ಎಂಬ ಗರ್ಭನಿರೋಧಕ ಚುಚ್ಚುಮದ್ದು ಈ ಸಲ 27 ವಯಲ್ (ಔಷಧದ ಪುಟ್ಟ ಗಾಜಿನ ಶೀಶೆ) ಮಾತ್ರ ಬಂದಿದೆ. ಬೇಕಿದ್ದದ್ದು 40. ತಪ್ಪು ಎಲ್ಲಾಗಿದೆ ಎಂಬುದು ನಿಮ್ಮ ಲೆಕ್ಕದ ಹಾಳೆಯಲ್ಲೇ ಕಾಣುತ್ತದೆ. ಕಳೆದ ಆರು ತಿಂಗಳಲ್ಲಿ ನಾಲ್ಕು ತಿಂಗಳು ತಲಾ 40ರಂತೆ 160 ವಯಲ್ ಖರ್ಚಾಗಿವೆ. ಉಳಿದೆರಡು ತಿಂಗಳು ನೀವು ಸರಕನ್ನೇ ಕಳಿಸಲಿಲ್ಲ, ಹಾಗಾಗಿ ಖರ್ಚು ಸೊನ್ನೆ. ತಿಂಗಳ ಸರಾಸರಿ ಖರ್ಚು ತೆಗೆಯಲು ನೀವು 160ನ್ನು 6ರಿಂದ ಭಾಗಿಸಿ 27 ಎಂದಿದ್ದೀರಿ. ಭಾಗಿಸಬೇಕಿದ್ದದ್ದು ದಾಸ್ತಾನು ಇದ್ದ 4 ತಿಂಗಳಿಂದ. ಕಪಾಟು ಖಾಲಿ ಇದ್ದಾಗ ಖರ್ಚಾಗುವುದಾದರೂ ಏನು? ಈಗ 27 ಕೊಟ್ಟರೆ ಖರ್ಚೂ 27ಕ್ಕೇ ನಿಲ್ಲುತ್ತದೆ, ಮುಂದಿನ ಹಂಚಿಕೆಗೆ ಅದೇ ಆಧಾರವಾಗುತ್ತದೆ.

ಈ ಚುಚ್ಚುಮದ್ದು 13 ವಾರಕ್ಕೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 4 ವಾರ ತಡವಾದರೂ ಕೊಡಬಹುದು. ಅದು ಮೀರಿದರೆ ಗರ್ಭಿಣಿಯಲ್ಲವೆಂದು ಖಚಿತಪಡಿಸಿಕೊಂಡೇ ಕೊಡಬೇಕು, ಆಮೇಲೂ 7 ದಿನ ಕಾಂಡೋಮ್ ಬಳಸಬೇಕು. ನೀವು ಸರಕು ಕಳಿಸದ ಎರಡು ತಿಂಗಳು ಈ 4 ವಾರದ ಸಡಿಲಿಕೆಯ ಇಮ್ಮಡಿ.

ಬಂದ ಪೆಟ್ಟಿಗೆಯ ಸ್ಥಿತಿಯೂ ಸರಿಯಿಲ್ಲ. ನೆಟ್ಟಗೆ ನಿಲ್ಲಿಸಿ ಇಡಬೇಕಾದ ವಯಲ್‌ಗಳನ್ನು ಅಡ್ಡ ಮಲಗಿಸಿ ತುಂಬಿದ್ದಾರೆ. ಕೆಲವುಗಳಲ್ಲಿ ಬಿಳಿ ಗಷ್ಟು ಒಂದು ಬದಿಗೆ ಹೆಪ್ಪುಗಟ್ಟಿ, ಎಷ್ಟು ಕುಲುಕಿದರೂ ಬೆರೆಯುತ್ತಿಲ್ಲ. ಇದು ತೇಲುಕಣಗಳ ಔಷಧ. ಗಷ್ಟು ಗಾಜಿಗೆ ಅಂಟಿಯೇ ಉಳಿದರೆ 1 ಮಿ.ಲೀ. ಎಳೆದರೂ ಒಂದು ಡೋಸ್‌ನ ಪೂರ್ತಿ 150 ಮಿ.ಗ್ರಾಂ ದೇಹಕ್ಕೆ ಹೋಗುವುದಿಲ್ಲ. ಅಂಥವನ್ನು ಬಳಸದೆ ಬೇರೆ ಇಟ್ಟಿದ್ದೇವೆ. ಇನ್ನು ಸಿರಿಂಜ್ ಒಂದೂ ಬಂದಿಲ್ಲ. ವಯಲ್ ಎಷ್ಟೋ ಆಟೋ-ಡಿಸೇಬಲ್ (ಒಮ್ಮೆ ಬಳಸಿದ ಮೇಲೆ ಮತ್ತೆ ಬಳಸಲಾಗದ) ಸಿರಿಂಜ್ ಅಷ್ಟೇ, ಅದೇ ಗಾಡಿಯಲ್ಲಿ ಬರಬೇಕು.

ಕೊನೆಯದಾಗಿ ಮಾತ್ರೆ. ನಾವು ಕೇಳಿದ್ದು ಮಿನಿಪಿಲ್, ಅಂದರೆ ಈಸ್ಟ್ರೋಜನ್ ಹಾರ್ಮೋನ್ ಇಲ್ಲದ ಗರ್ಭನಿರೋಧಕ ಮಾತ್ರೆ. 'ಬದಲಿ ಸರಕು' ಎಂದು ಬರೆದು ಸಂಯುಕ್ತ ಹಾರ್ಮೋನ್ ಮಾತ್ರೆ ಕಳಿಸಿದ್ದೀರಿ. ಈಸ್ಟ್ರೋಜನ್ ಇರುವ ಈ ಮಾತ್ರೆಯನ್ನು ಹಾಲುಣಿಸುವ ತಾಯಿಗೆ ಹೆರಿಗೆಯಾಗಿ 6 ವಾರದೊಳಗೆ ಕೊಡುವಂತೆಯೇ ಇಲ್ಲ, 6 ತಿಂಗಳವರೆಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಮಿನಿಪಿಲ್ ಕೇಳುವವರು ಬಹುಪಾಲು ಅವರೇ. ಇಲ್ಲದಿದ್ದರೆ 'ಇಲ್ಲ' ಎಂದು ಬರೆಯಿರಿ, ಬದಲಿ ಬೇಡ.

ಕೊರತೆಯ 13 ವಯಲ್, ಹಾಳಾದವುಗಳಿಗೆ ಬದಲಿ, 40 ಸಿರಿಂಜ್ ಹಾಗೂ ಕೇಳಿದ ಮಿನಿಪಿಲ್ ಏಳು ದಿನದೊಳಗೆ ತಲುಪಿಸಿ. ಸಂಯುಕ್ತ ಮಾತ್ರೆಯ ಪೆಟ್ಟಿಗೆಗಳನ್ನು ಒಡೆದಿಲ್ಲ, ಅದೇ ಗಾಡಿಯಲ್ಲಿ ವಾಪಸ್ ಒಯ್ಯಿರಿ. ತಿದ್ದಿದ ಲೆಕ್ಕದ ಹಾಳೆಯನ್ನೂ ಜೊತೆಗೆ ಕಳಿಸಿ.

ಇಂತಿ,
ಔಷಧ ಉಗ್ರಾಣ ಮತ್ತು ಕುಟುಂಬ ಯೋಜನಾ ವಿಭಾಗದ ಸಿಬ್ಬಂದಿ